ಹೆಡ್ಲಿ ರೇನ್ ಮುಚ್ಚಿದ ಗೇಟು

ಹೆಡ್ಲಿ ರೇನ್ ಅವರಿಗೆ ಈಗ ಎಪ್ಪತ್ತೆಂಟು ವರ್ಷ. ಅದರಲ್ಲಿ ಮೂವತ್ತನಾಲ್ಕು ವರ್ಷ ಅವರು ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು, ರೈಲು ಬರುವ ಮುಂಚೆ ರಸ್ತೆಯ ಗೇಟು ಹಾಕಿ, ಹೋದ ಮೇಲೆ ತೆಗೆದವರು. ಅಷ್ಟು ವರ್ಷದಲ್ಲಿ ಒಂದು ನಾಯಿಗೂ ಪೆಟ್ಟಾಗಲಿಲ್ಲ ಎಂದು ಬೀಳ್ಕೊಡುಗೆಯ ದಿನ ಮೇಲಧಿಕಾರಿ ಹೊಗಳಿದರಂತೆ. ‘ನಾಯಿಗೆ ಆಗಿಲ್ಲ, ನಿಜ. ಒಂದು ಕೋಳಿ ಹೋಯ್ತು. ಅದು ಗೇಟಿನ ಮೇಲಿಂದ ಹಾರಿ ಬಂತು, ನನ್ನ ತಪ್ಪಲ್ಲ’ ಎಂದು ಇವರು ಎದ್ದು ನಿಂತು ತಿದ್ದಿದರಂತೆ. ಅಂಥ ಮನುಷ್ಯ. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇಲ್ಲದ್ದರಿಂದಲೇ ಬರೆಯಲು ಕೂತಿದ್ದೇನೆ.

ನಮ್ಮದು ಗುರುವಾರದ ನಡಿಗೆಯ ಗುಂಪು. ಯಾರ್ಕ್‌ಶೈರಿನ ಹಳೆಯ ಗಿರಣಿ ಊರೊಂದರ ಹದಿನಾಲ್ಕು ಮಂದಿ, ಎಲ್ಲರೂ ಕೆಲಸದಿಂದ ನಿವೃತ್ತರು, ಎಲ್ಲರಿಗೂ ಒಂದಲ್ಲ ಒಂದು ಮೊಣಕಾಲು ನೋವು. ವಾರಕ್ಕೊಮ್ಮೆ ಊರ ಸುತ್ತಮುತ್ತ ನಡೆಯುತ್ತೇವೆ. ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಯ ಶನಿವಾರ ಭಾನುವಾರ, ಡೇಲ್ಸ್ ಕಣಿವೆಗೆ ಹೋಗಿ ಒಂದು ಹಳ್ಳಿಯ ಛತ್ರದಲ್ಲಿ ಉಳಿದು ಎರಡು ದಿನ ಗುಡ್ಡ ಹತ್ತಿ ಇಳಿದು ಬರುತ್ತೇವೆ. ಬಂದ ಮೂರನೆಯ ಗುರುವಾರ ಪ್ರಾರ್ಥನಾ ಮಂದಿರದ ಪಕ್ಕದ ಸಭಾಂಗಣದಲ್ಲಿ ಫೋಟೋ ಸಂಜೆ. ಒಬ್ಬೊಬ್ಬರು ಹನ್ನೆರಡೇ ಫೋಟೋ ತೋರಿಸಬಹುದು, ತೋರಿಸುವವರು ಒಂದು ಕೇಕು ತರಬೇಕು. ಈ ನಿಯಮ ಬಂದದ್ದು ನಮ್ಮ ಮುಂದಾಳು ಡೆಸ್ಮಂಡನಿಂದ. ಅವನು ಒಂದು ವರ್ಷ ಕಲ್ಲುಗೋಡೆಗಳದ್ದೇ ನೂರಾ ಐದು ಫೋಟೋ ತೋರಿಸಿ, ನಲವತ್ತನೆಯದಕ್ಕೆ ಇಬ್ಬರು ಗೊರಕೆ ಹೊಡೆದಿದ್ದರು.

ಮುಂದೆ ಡೆಸ್ಮಂಡ್, ನಕ್ಷೆ ಹಿಡಿದು. ಹಿಂದೆ ಹೆಡ್ಲಿ, ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಂಡು. ಎಲ್ಲರಿಗಿಂತ ಹಿಂದೆ ನಡೆಯುವವರಿಗೆ ನಮ್ಮಲ್ಲಿ ಕಡೆಯಾಳು ಎನ್ನುತ್ತೇವೆ. ಕಡೆಯಾಳಿನ ಹಿಂದೆ ಯಾರೂ ಉಳಿಯಕೂಡದು. ಗೇಟು ಬಂದರೆ ಹದಿಮೂರು ಜನರನ್ನೂ ದಾಟಿಸಿ, ತಾನು ದಾಟಿ, ಗೇಟು ಹಾಕಿ, ಕೋಲನ್ನು ಎರಡು ಸಲ ಮೇಲೆತ್ತಬೇಕು. ಕೋಲು ಎರಡು ಸಲ ಮೇಲೆದ್ದದ್ದು ಕಾಣುವವರೆಗೆ ಡೆಸ್ಮಂಡ್ ಮುಂದೆ ಹೆಜ್ಜೆ ಇಡುವುದಿಲ್ಲ. ಒಂಬತ್ತು ವರ್ಷದಿಂದ ಹಳದಿ ಪಟ್ಟಿ ಹೆಡ್ಲಿಯವರ ತೋಳಿನಲ್ಲೇ ಇತ್ತು. ಬೇರೆ ಯಾರೂ ಕೇಳಲಿಲ್ಲ, ಕೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಗೇಟು ಹಾಕುವುದು ಅವರಿಗೆ ಒಂದು ಪೂಜೆಯ ಹಾಗೆ. ಡೇಲ್ಸಿನ ಹಳೆಯ ಗೇಟುಗಳು ಒಂದೊಂದು ಒಂದೊಂದು ಹಟದವು. ಕೀಲು ಜಗ್ಗಿ ತುದಿ ನೆಲಕ್ಕೆ ತಾಗುತ್ತಿರುತ್ತದೆ. ನಾನು ಗುಂಪಿಗೆ ಸೇರಿದ ಹೊಸತರಲ್ಲಿ ಅವರು ನನ್ನನ್ನು ನಿಲ್ಲಿಸಿ ಪಾಠ ಮಾಡಿದ್ದರು.

‘ನೋಡು ಹುಡುಗಿ. ಎತ್ತು. ಎಳಿ. ಕೊಂಡಿ ಸಿಕ್ಸು. ಆಮೇಲೆ ಒಂದ್ಸಲ ಜಗ್ಗು. ನಾಲ್ಕು ಕೆಲಸ. ಮೂರು ಮಾಡಿದ್ರೆ ಗೇಟು ಹಾಕಿದ ಹಾಗಲ್ಲ.’

‘ಶಬ್ದ ಬಂತಲ್ಲ, ಠಣ್ ಅಂತ’ ಎಂದೆ ನಾನು.

‘ಶಬ್ದ ಯಾವ ಗೇಟಾದ್ರೂ ಮಾಡತ್ತೆ. ಶಬ್ದ ನಂಬಬೇಡ.’

ನನ್ನ ಹೆಸರು ಬೆರಿಲ್. ಆಗ ನನಗೆ ಅರವತ್ತೊಂದು, ಹೆಡ್ಲಿಯವರ ಬಾಯಲ್ಲಿ ಹುಡುಗಿ. ಇಪ್ಪತ್ತಾರು ವರ್ಷ ಔಷಧಿ ಅಂಗಡಿಯಲ್ಲಿ ನಿಂತು ಬೇರೆಯವರ ಕೆಮ್ಮು, ಬೇರೆಯವರ ಮೂಲವ್ಯಾಧಿ ಕೇಳಿಸಿಕೊಂಡವಳು ನಾನು. ಬಿಡುವಾಗ ಅಂಗಡಿಯವರು ಒಳ್ಳೆಯ ಕ್ಯಾಮೆರಾ ಕೊಟ್ಟರು. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಜೀವನದಲ್ಲಿ ಮೊದಲ ಸಲ ಜನ ನನ್ನ ಕೈಯಿಂದ ಆದದ್ದನ್ನು ನೋಡಿ ‘ಆಹಾ’ ಎನ್ನುತ್ತಿದ್ದರು. ಹೊಗಳಿಕೆಗೆ ಹಸಿದವರ ಹತ್ತಿರ ಕ್ಯಾಮೆರಾ ಕೊಡಬಾರದು ಎಂದು ಈಗ ಅನಿಸುತ್ತದೆ, ಆದರೆ ತಪ್ಪು ಕ್ಯಾಮೆರಾದ್ದಲ್ಲ.

ಹೋದ ವರ್ಷದ ಆ ಶನಿವಾರ ಬಿಸಿಲು ಚೆನ್ನಾಗಿತ್ತು. ಕುರಿಗಳು ಮರಿ ಹಾಕಿ ಹದಿನೈದು ದಿನವಾಗಿರಬಹುದು, ಹೊಲದ ತುಂಬ ಕರಿಮೂತಿಯ ಮರಿಗಳು. ತಾಯಿ ಮಕ್ಕಳನ್ನು ಗುರುತಿಸಲು ಅವುಗಳ ಬೆನ್ನ ಪಕ್ಕಕ್ಕೆ ನೀಲಿ ಬಣ್ಣದಲ್ಲಿ ಒಂದೇ ಸಂಖ್ಯೆ ಬರೆದಿರುತ್ತಾರೆ. ಆ ಹೊಲ ದಾಟಿ ನಾವು ಓಣಿಗೆ ಬಂದೆವು. ಹೆಡ್ಲಿ ಕೊನೆಯಲ್ಲಿ ಬಂದು ಗೇಟು ಎತ್ತಿದರು, ಎಳೆದರು, ಕೊಂಡಿ ಸಿಕ್ಕಿಸಿದರು, ಜಗ್ಗಿದರು. ಕೋಲು ಎರಡು ಸಲ ಮೇಲೆದ್ದಿತು. ಓಣಿಯ ಮೇಲ್ತುದಿಯಲ್ಲಿ ಡೆಸ್ಮಂಡ್ ತಿರುಗಿ ನಡೆದ.

ನಾನು ಗೇಟಿನ ಸಂದಿಯಿಂದ ಹೊಲದ ಒಂದು ಫೋಟೋ ತೆಗೆದೆ. ಅಷ್ಟರಲ್ಲಿ ಒಂದು ಮರಿ, ಇಪ್ಪತ್ತೇಳನೆಯ ನಂಬರಿನದು, ಮಲಗಿದ್ದ ತಾಯಿಯ ಬೆನ್ನ ಮೇಲೆ ಹತ್ತಿ ನಾಲ್ಕು ಕಾಲೂ ಒಟ್ಟು ಮಾಡಿ ನಿಂತಿತು. ಗೇಟಿನ ಸರಳುಗಳು ಅಡ್ಡ ಬರುತ್ತಿದ್ದವು. ಒಳಗೆ ಹೋಗಿ ಹತ್ತು ಹೆಜ್ಜೆ ಇಟ್ಟರೆ ಸಾಕು. ಆದರೆ ಹೆಡ್ಲಿ ಅಲ್ಲೇ ನಿಂತಿದ್ದರು.

‘ಬಾ ಹುಡುಗಿ, ನೀನು ಮುಂದೆ’ ಎಂದರು. ಎಲ್ಲರಿಗೂ ಹೇಳುವ ಮಾತು ಅದು.

ಫೋಟೋಗೆ ಎಂದು ನಿಜ ಹೇಳಿದ್ದರೆ ಅವರು ಕಾಯುತ್ತಿದ್ದರು, ಆದರೆ ಮರಿ ಹಾಕಿದ ಕುರಿಗಳ ಹೊಲಕ್ಕೆ ಮತ್ತೆ ಕಾಲಿಡಲು ಬಿಡುತ್ತಿರಲಿಲ್ಲ. ನನ್ನ ಬಾಯಿಗೆ ಬಂದದ್ದು ಬೇರೆ.

‘ನೀವು ಹೋಗ್ತಿರಿ, ಹೆಡ್ಲಿ. ನಾನು ಸ್ವಲ್ಪ... ಗೋಡೆ ಹಿಂದೆ ಹೋಗ್ಬೇಕು.’

ಪಾಪ, ಅವರ ಕಿವಿ ಕೆಂಪಾಯಿತು. ಆ ತಲೆಮಾರಿನ ಗಂಡಸರಿಗೆ ಹೆಂಗಸರ ಇಂಥ ಮಾತು ಕಿವಿಗೆ ಬಿದ್ದರೇ ಅಪರಾಧ ಮಾಡಿದ ಹಾಗೆ. ‘ಹೋಗು, ಹೋಗು’ ಎಂದು ಗೊಣಗಿ, ನಲವತ್ತು ಹೆಜ್ಜೆ ಮೇಲೆ ನಡೆದು, ನನಗೆ ಬೆನ್ನು ಹಾಕಿ, ಗುಡ್ಡ ನೋಡುತ್ತ ನಿಂತರು. ಪ್ರಾಣ ಹೋದರೂ ತಿರುಗುವವರಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಸುಳ್ಳು ಆರಿಸಿಕೊಂಡದ್ದು.

ನಾನು ಕೊಂಡಿ ತೆಗೆದು ಒಳಗೆ ಹೋದೆ. ಎರಡು ನಿಮಿಷದ ಕೆಲಸ. ಫೋಟೋ ಸಿಕ್ಕಿತು, ನಾನು ತೆಗೆದದ್ದರಲ್ಲೇ ಒಳ್ಳೆಯದು. ಖುಷಿಯಲ್ಲಿ ಹೊರಗೆ ಬಂದು ಗೇಟನ್ನು ಹಿಂದಕ್ಕೆ ತಳ್ಳಿದೆ. ಠಣ್ ಎಂದಿತು. ಓಡಿದೆ. ಸ್ವಲ್ಪ ಮೇಲೆ ಹೋಗಿ ತಿರುಗಿ ಕಣಿವೆಯದೂ ಒಂದು ಫೋಟೋ ತೆಗೆದು ಹೆಡ್ಲಿಯವರ ಹತ್ತಿರ ಸೇರಿಕೊಂಡೆ. ಅವರು ನನ್ನ ಮುಖ ನೋಡದೆ ‘ಹವಾ ಚೆನ್ನಾಗಿದೆ’ ಎಂದರು.

ಸಂಜೆ ಛತ್ರದ ಊಟದ ಕೋಣೆಯಲ್ಲಿ ಮಾಂಸದ ಪೈ ಮುಗಿದು, ರೂಬಾರ್ಬ್ ಎಂಬ ಹುಳಿ ದಂಟಿನ ಸಿಹಿಯ ಮೇಲೆ ಬಿಸಿ ಕಸ್ಟರ್ಡ್ ಸುರಿದುಕೊಳ್ಳುತ್ತಿದ್ದೆವು. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು, ಮಂಡಿಯವರೆಗೆ ಕೆಸರು. ಆ ಹೊಲದ ಒಡತಿ, ಶ್ರೀಮತಿ ಡಿನ್ಸ್‌ಡೇಲ್. ಜಗಳಕ್ಕೆ ಬಂದವರ ದನಿಯಲ್ಲಿ ಮಾತಾಡಲಿಲ್ಲ, ದಣಿದವರ ದನಿಯಲ್ಲಿ ಮಾತಾಡಿದರು.

‘ಓಣಿಯಲ್ಲಿ ಹೋದವರು ನೀವೇ ಅಲ್ವಾ. ನಿಮ್ಮಲ್ಲಿ ಕಡೆಯಾಳು ಯಾರು?’

ಹೆಡ್ಲಿ ಎದ್ದರು. ಊಟಕ್ಕೆಂದು ಕೊರಳಿಗೆ ಸಿಕ್ಕಿಸಿದ್ದ ಕರವಸ್ತ್ರ ಹಾಗೇ ಇತ್ತು. ‘ನಾನೇ, ತಾಯಿ.’

‘ಗೇಟು ತೆರೆದಿತ್ತು. ಎಂಟು ಕುರಿ, ಮರಿಗಳ ಸಮೇತ ಓಣಿಗೆ ಬಂದಿವೆ. ಸಂಜೆ ಐದರ ತನಕ ಹುಡುಕಿದ್ವಿ. ಇಪ್ಪತ್ತೇಳರ ಅವಳಿಯಲ್ಲಿ ಒಂದನ್ನ ವ್ಯಾನು ಹೊಡೆದು ಹೋಗಿದೆ.’

ಹೆಡ್ಲಿ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟರು. ‘ನಾನು ಹಾಕಿದೆ ಅಂತಲೇ ನನ್ನ ನೆನಪು’ ಎಂದರು.

‘ನಿಮ್ಮ ನೆನಪು ಕುರೀನ ತಡೆಯಲ್ಲ, ಸ್ವಾಮಿ’ ಎಂದರು ಶ್ರೀಮತಿ ಡಿನ್ಸ್‌ಡೇಲ್.

ಆಗ ಹೆಡ್ಲಿ ಒಂದು ಸಲ, ಒಂದೇ ಒಂದು ಸಲ, ನನ್ನ ಕಡೆ ನೋಡಿದರು. ನಾನು ಕಸ್ಟರ್ಡಿನ ಬಟ್ಟಲು ನೋಡಿದೆ. ಅದರ ಮೇಲೆ ಕೆನೆ ಕಟ್ಟುತ್ತಿತ್ತು. ನಾನು ಕೊಂಡಿ ಸಿಕ್ಕಿಸಿರಲಿಲ್ಲ ಎಂಬುದು ನನಗೆ ಅಷ್ಟರಲ್ಲೇ ಗೊತ್ತಾಗಿತ್ತು. ಆದರೂ ಸಿಕ್ಕಿಸಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

‘ಹಾಗಾದ್ರೆ ತಪ್ಪು ನಂದೇ’ ಎಂದರು ಹೆಡ್ಲಿ. ‘ಕಡೆಯಾಳು ನಾನು. ಕ್ಷಮೆ ಕೇಳ್ತೀನಿ.’

ಬೆಳಿಗ್ಗೆ ತಿಂಡಿಗೆ ಬಂದಾಗ ಹಳದಿ ಪಟ್ಟಿಯನ್ನು ಮಡಿಸಿ ಡೆಸ್ಮಂಡನ ತಟ್ಟೆಯ ಪಕ್ಕ ಇಟ್ಟರು. ಭಾನುವಾರ ಪೂರ್ತಿ ಗುಂಪಿನ ನಡುವೆ ನಡೆದರು, ಯಾರೂ ಹೇಳದಿದ್ದರೂ. ಗೇಟು ಬಂದಾಗೆಲ್ಲ ಕೈ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಬಸ್ಸಿನಲ್ಲಿ ವಾಪಸು ಬರುವಾಗ ಡೆಸ್ಮಂಡ್ ನನ್ನ ಪಕ್ಕ ಕೂತು ಪಿಸುಗುಟ್ಟಿದ. ‘ಕೋಲು ಎತ್ತಿದ್ದು ನಾನೇ ನೋಡಿದೀನಿ. ಅಭ್ಯಾಸ ನೋಡು. ಗೇಟು ಹಾಕದೇ ಕೋಲು ಎತ್ತಿದಾರೆ. ವಯಸ್ಸಾಯ್ತಲ್ಲ.’

ನಾನು ‘ಹೂಂ’ ಎಂದೆ. ನನ್ನ ಜೀವನದಲ್ಲಿ ಅದಕ್ಕಿಂತ ಕೆಟ್ಟ ಮಾತು ನಾನು ಆಡಿಲ್ಲ.

ಇಲ್ಲಿ ಹೆಡ್ಲಿಯವರ ಹೆಂಡತಿಯ ವಿಷಯ ಹೇಳಬೇಕು. ಈನಿಡ್ ತೀರಿಕೊಂಡು ಹನ್ನೊಂದು ವರ್ಷ. ಸಾಯುವ ಮುಂಚೆ ಏಳು ವರ್ಷ ಆಕೆಗೆ ಮರೆವು. ಗಂಡನ ಹೆಸರು ಮರೆತರು, ಆಮೇಲೆ ತಮ್ಮ ಹೆಸರು, ಕೊನೆಗೆ ನುಂಗುವುದು ಹೇಗೆ ಎನ್ನುವುದನ್ನೂ ಮರೆತರು. ಹೆಡ್ಲಿ ಯಾವ ಆಸ್ಪತ್ರೆಗೂ ಬಿಡದೆ ತಾವೇ ಉಣಿಸಿ, ತೊಳೆದು, ತಲೆ ಬಾಚಿ ನೋಡಿಕೊಂಡರು. ಔಷಧಿಗೆ ನಮ್ಮ ಅಂಗಡಿಗೇ ಬರುತ್ತಿದ್ದರು. ‘ಇವತ್ತು ಹೇಗಿದ್ದಾರೆ?’ ಎಂದು ಕೇಳಿದರೆ ‘ಇವತ್ತು ನನ್ನನ್ನ ಹಾಲಿನವನು ಅಂದ್ಕೊಂಡಿದಾಳೆ. ಪರವಾಗಿಲ್ಲ, ಹಾಲಿನವನ ಮೇಲೆ ಅವಳಿಗೆ ಮೊದಲಿಂದಲೂ ಪ್ರೀತಿ’ ಎನ್ನುತ್ತಿದ್ದರು. ಆಕೆಯ ಮರೆವು ಶುರುವಾದದ್ದು ಹಿತ್ತಲ ಗೇಟಿನಿಂದ. ಎರಡು ಸಲ ತೆರೆದು ಬಿಟ್ಟು ಕೋಳಿಗಳೆಲ್ಲ ರಸ್ತೆ ಪಾಲಾಗಿದ್ದವು. ಇದು ನನಗೆ ಗೊತ್ತಿತ್ತು. ಅಂಗಡಿಯ ಕಟ್ಟೆಗೆ ಒರಗಿಕೊಂಡು ಅವರೇ ಹೇಳಿದ್ದರು.

ಸೋಮವಾರ ಬೆಳಿಗ್ಗೆ ನಾನು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಮೊದಲನೆಯದು ಗೇಟಿನ ಸಂದಿಯಿಂದ ತೆಗೆದದ್ದು. ಅಂಚಿನಲ್ಲಿ ಕೊಂಡಿ ಕಂಬದ ಬಳೆಯೊಳಗೆ ಭದ್ರವಾಗಿ ಕೂತಿದೆ, ಸಮಯ ಹನ್ನೊಂದು ನಲವತ್ತೆರಡು. ಎರಡನೆಯದು ತಾಯಿಯ ಬೆನ್ನೇರಿದ ಮರಿ, ನಲವತ್ತನಾಲ್ಕು. ಮೂರನೆಯದು ಮೇಲಿನಿಂದ ತೆಗೆದ ಕಣಿವೆ, ನಲವತ್ತೇಳು. ಅದರ ಎಡ ಮೂಲೆಯಲ್ಲಿ ಗೇಟು. ದೊಡ್ಡದು ಮಾಡಿ ನೋಡಿದೆ. ಗೇಟಿಗೂ ಕಂಬಕ್ಕೂ ನಡುವೆ ಒಂದು ಗೇಣು ಸಂದಿ. ಅದರಲ್ಲಿ ಒಂದು ಕರಿ ಮೂತಿ.

ಇನ್ನು ‘ಇರಬಹುದು’ ಎನ್ನಲು ಜಾಗ ಉಳಿಯಲಿಲ್ಲ. ಆ ಕ್ಷಣವೇ ಫೋನ್ ಮಾಡಬೇಕಿತ್ತು. ನಾಳೆ ಮಾಡೋಣ ಎಂದುಕೊಂಡೆ. ನಾಳೆ ಎನ್ನುವುದು ಎಷ್ಟು ಸಲ ಬೇಕಾದರೂ ಬರುತ್ತದೆ. ಒಂದು ದಿನ ತಡವಾದ ಮೇಲೆ ತಡ ಮಾಡಿದ್ದಕ್ಕೂ ಕಾರಣ ಹೇಳಬೇಕಾಯಿತು, ಒಂದು ವಾರ ಕಳೆದ ಮೇಲೆ ಕಾರಣವೇ ಉಳಿಯಲಿಲ್ಲ. ಅಷ್ಟರಲ್ಲಿ ಗೆಳತಿ ಪಾಲೀನ್ ಸುದ್ದಿ ತಂದಳು. ಗೇಟಿನ ಕತೆ ಕೇಳಿ ಹೆಡ್ಲಿಯವರ ಮಗಳು ಜ್ಯಾನಿಸ್ ಹೆದರಿ, ಲೀಡ್ಸಿನಿಂದ ಬಂದು, ಅಪ್ಪನ ಕಾರಿನ ಕೀಲಿ ತೆಗೆದುಕೊಂಡು ಹೋಗಿದ್ದಾಳೆ. ವೈದ್ಯರಲ್ಲಿ ಮರೆವಿನ ಪರೀಕ್ಷೆಗೆ ಹೆಸರು ಬರೆಸಿದ್ದಾಳೆ.

‘ಕೊಟ್ಟುಬಿಟ್ರಂತೆ ಕಣೇ, ಒಂದು ಮಾತೂ ಆಡದೆ’ ಎಂದಳು ಪಾಲೀನ್. ‘ನಮ್ಮ ಹೆಡ್ಲಿ. ಅಯ್ಯೋ, ನೋಡೋಕಾಗಲ್ಲ ಕಣೇ.’

‘ಪಾಪ’ ಎಂದೆ. ಆ ಪದವನ್ನು ನನ್ನ ಬಾಯಿ ಹೇಗೆ ಆಡಿತೋ.

ಫೋಟೋ ಸಂಜೆ ಬಂತು. ನನ್ನ ಹನ್ನೆರಡರಲ್ಲಿ ಗೇಟಿನದೂ ಇರಲಿಲ್ಲ, ಕಣಿವೆಯದೂ ಇರಲಿಲ್ಲ. ಹನ್ನೆರಡೇ ಎಂಬ ನಿಯಮ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಮರಿಯ ಫೋಟೋ ಬಿಡಲು ಆಗಲಿಲ್ಲ. ಇದನ್ನೂ ಬರೆಯುತ್ತೇನೆ. ಸತ್ತ ಮರಿ ಅದೇ ಇರಬಹುದು, ಅದರ ಅವಳಿ ಇರಬಹುದು. ಅದು ಗೊತ್ತಿದ್ದೂ, ಎಲ್ಲರೂ ಆಹಾ ಎನ್ನಲಿ ಎಂದು, ಹನ್ನೆರಡನೆಯದಾಗಿ ಅದನ್ನು ಇಟ್ಟೆ. ನಿಂಬೆಹಣ್ಣಿನ ಕೇಕನ್ನೂ ಮಾಡಿಕೊಂಡು ಹೋದೆ.

ಆಹಾ ಎಂದರು. ಪಾಲೀನ್ ಚಪ್ಪಾಳೆ ತಟ್ಟಿದಳು. ‘ಈ ವರ್ಷದ ಫೋಟೋ ಇದೇ, ಬೇರೆಯವ್ರದ್ದೆಲ್ಲ ಎತ್ತಿಡಿ’ ಎಂದ ಡೆಸ್ಮಂಡ್. ಮೂರನೆಯ ಸಾಲಿನಲ್ಲಿ ಹೆಡ್ಲಿ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಟೈ. ಜ್ಯಾನಿಸ್ ಕರೆತಂದು ಬಿಟ್ಟು ಹೋಗಿದ್ದಳು. ಅವರು ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿ ಪರದೆಯನ್ನೇ ನೋಡುತ್ತಿದ್ದರು. ನೀಲಿಯಲ್ಲಿ ಬರೆದ ಇಪ್ಪತ್ತೇಳು ಪರದೆಯ ಮೇಲೆ ಒಂದು ಮೊಳ ಉದ್ದ ಇತ್ತು.

‘ಬೆರಿಲ್’ ಎಂದರು. ಹುಡುಗಿ ಎನ್ನಲಿಲ್ಲ. ‘ಇದನ್ನ ಎಲ್ಲಿ ನಿಂತು ತೆಗೆದೆ?’

‘ಗೋಡೆ ಮೇಲಿಂದ’ ಎಂದೆ.

‘ಗೇಟಿಂದು ಯಾವುದಾದ್ರೂ ಇದೆಯಾ? ಅದೊಂದು ನೋಡ್ಬೇಕಿತ್ತು ನಂಗೆ.’

‘ಇಲ್ಲ, ಹೆಡ್ಲಿ.’

ಅವರು ತಲೆ ಆಡಿಸಿ ಕನ್ನಡಕ ತೆಗೆದು ಡಬ್ಬಿಗೆ ಹಾಕಿಕೊಂಡರು. ಡಬ್ಬಿ ಮುಚ್ಚಿದರು. ಮತ್ತೆ ತೆಗೆದು ಕನ್ನಡಕ ಒಳಗಿದೆಯೇ ಎಂದು ನೋಡಿ ಮುಚ್ಚಿದರು. ಅದನ್ನು ಮೂರು ಸಲ ಮಾಡಿದರು. ಮುಂದಿನವರ ಫೋಟೋ ಶುರುವಾಯಿತು.

ಆ ಕನ್ನಡಕದ ಡಬ್ಬಿ ನನ್ನನ್ನು ನಾಲ್ಕು ದಿನ ಬಿಡಲಿಲ್ಲ. ಸೋಮವಾರ ನಮ್ಮ ಹಳೆಯ ಅಂಗಡಿಯಲ್ಲೇ ಎರಡೂ ಫೋಟೋ ಅಚ್ಚು ಹಾಕಿಸಿಕೊಂಡು ಹೆಡ್ಲಿಯವರ ಮನೆಗೆ ಹೋದೆ. ಬೆಳಿಗ್ಗೆ ಹತ್ತು ಗಂಟೆ. ಬಾಗಿಲು ತೆಗೆದು ‘ಬಾ ಹುಡುಗಿ, ಚಹಾ ಇಟ್ಟೆ’ ಎಂದರು. ಒಳಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಗೆರೆ ಎಳೆದ ದೊಡ್ಡ ಪುಸ್ತಕ, ದಾರ ಕಟ್ಟಿದ ಪೆನ್ಸಿಲು.

ಸಿಗ್ನಲ್ ಕ್ಯಾಬಿನ್ನಿನಲ್ಲಿ ಪ್ರತಿ ರೈಲಿಗೂ, ಪ್ರತಿ ಗಂಟೆಯ ಸದ್ದಿಗೂ, ಪ್ರತಿ ಗೇಟಿಗೂ ರಿಜಿಸ್ಟರಿನಲ್ಲಿ ಸಮಯ ಬರೆಯುತ್ತಾರೆ. ಅಂಥದ್ದೇ ಪುಸ್ತಕ. ಹೆಡ್ಲಿ ಗ್ಯಾಸ್ ಆರಿಸಿ, ಗುಂಡಿ ಮುಟ್ಟಿ ನೋಡಿ, ಗೋಡೆಯ ಗಡಿಯಾರ ನೋಡಿ, ಬರೆದರು. ನಾನು ಕುತ್ತಿಗೆ ಚಾಚಿ ಓದಿದೆ. ‘7.05 ಹಿಂಬಾಗಿಲು ತೆಗೆದೆ. 7.06 ಹಿಂಬಾಗಿಲು ಹಾಕಿದೆ. 7.30 ಮಾತ್ರೆ. 8.10 ಗ್ಯಾಸ್ ಹಚ್ಚಿದೆ. 8.22 ಗ್ಯಾಸ್ ಆರಿಸಿದೆ. 8.40 ನೋಡಿದೆ, ಆರಿದೆ.’ ಪುಟಗಟ್ಟಲೆ. ಮೊದಲ ಪುಟದ ದಿನಾಂಕ ನಾವು ಡೇಲ್ಸಿನಿಂದ ಬಂದ ಮರುದಿನ.

‘ಈನಿಡ್‌ಗೂ ಗೇಟಿಂದಲೇ ಶುರುವಾಗಿದ್ದು’ ಎಂದರು, ನನಗೆ ಚಹಾ ಬಗ್ಗಿಸುತ್ತ. ‘ಅವಳಿಗೆ ನಾನಿದ್ದೆ. ನಂಗ್ಯಾರಿದಾರೆ? ಜ್ಯಾನಿಸ್‌ಗೆ ಅವಳದ್ದೇ ಸಂಸಾರ ಇದೆ. ಅದಕ್ಕೆ ಬರ್ಕೊಂಡು ಹೋಗ್ತಿದೀನಿ. ಎಷ್ಟು ದಿನ ಬರೆಯೋದು ನೆನಪಿರತ್ತೋ ಅಷ್ಟು ದಿನ.’

ನಾನು ಫೋಟೋಗಳನ್ನು ಮೇಜಿನ ಮೇಲಿಟ್ಟೆ. ‘ನೀವು ಹಾಕಿದ್ರಿ, ಹೆಡ್ಲಿ. ತೆಗೆದಿದ್ದು ನಾನು. ಗೋಡೆ ಹಿಂದೆ ಹೋಗ್ಬೇಕು ಅಂದಿದ್ದು ಸುಳ್ಳು.’

ಅವರು ಭೂತಗನ್ನಡಿ ತಂದು ಮೊದಲನೆಯ ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. ಬೆರಳ ತುದಿಯನ್ನು ಕೊಂಡಿಯ ಮೇಲಿಟ್ಟರು.

‘ಬಿದ್ದಿದೆ’ ಎಂದರು. ‘ಕೊಂಡಿ ಸರಿಯಾಗಿ ಬಳೆಗೆ ಬಿದ್ದಿದೆ.’

‘ಹೌದು.’

‘ಹೊತ್ತು ಗೊತ್ತಾಗತ್ತಾ ಇದ್ರಲ್ಲಿ?’

‘ಹನ್ನೊಂದು ನಲವತ್ತೆರಡು.’

ಪುಸ್ತಕದ ಮೊದಲ ಪುಟ ತಿರುಗಿಸಿದರು. ಮೊದಲ ಸಾಲಿನ ಮೇಲೆ ಸ್ವಲ್ಪ ಜಾಗವಿತ್ತು. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: ‘ಏಪ್ರಿಲ್ 26. 11.42. ಗೇಟು ಹಾಕಿದೆ.’ ಬರೆದು ಪೆನ್ಸಿಲು ಕೆಳಗಿಟ್ಟು ಅತ್ತರು. ಸದ್ದಿಲ್ಲದೆ, ಕೈಯನ್ನು ಮುಖಕ್ಕೆ ಹಿಡಿಯದೆ ಅತ್ತರು. ನಾನು ಏನೂ ಮಾಡಲಿಲ್ಲ. ಅವರ ಭುಜ ಮುಟ್ಟುವ ಹಕ್ಕು ನನಗಿರಲಿಲ್ಲ.

‘ಎಷ್ಟು ದಿನದಿಂದ ಇದೆ ಇದು ನಿನ್ನ ಹತ್ರ?’

‘ಮೂರು ವಾರ.’

‘ಮೂರು ವಾರ’ ಎಂದು ಅವರೂ ಒಮ್ಮೆ ಹೇಳಿದರು. ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ‘ನಂಗೆ ಅವತ್ತೇ ಅನಿಸ್ತು, ನೀನೇನಾದ್ರೂ ಒಳಗೆ ಹೋದ್ಯಾ ಅಂತ. ಆದ್ರೆ ನೀನು ಹೇಳಿದ್ದು ಹಾಗಲ್ಲ. ಅಷ್ಟು ಜನರ ಮುಂದೆ ಒಬ್ಬ ಹೆಂಗಸನ್ನ ಅದನ್ನ ಹೇಗೆ ಕೇಳೋದು. ನೀನೇ ಹೇಳ್ತೀಯ ಅಂತ ಕಾದೆ. ನೀನು ಹೇಳ್ಲಿಲ್ಲ. ಬೆರಿಲ್ ಅಂಥವಳಲ್ಲ, ಹಾಗಾದ್ರೆ ಕೆಟ್ಟಿರೋದು ನನ್ನ ತಲೇನೇ ಅಂದ್ಕೊಂಡೆ.’

ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮೇಲಿನ ನಂಬಿಕೆ ಉಳಿಸಿಕೊಳ್ಳಲು ಅವರು ತಮ್ಮ ಬುದ್ಧಿಯನ್ನೇ ಬಿಟ್ಟುಕೊಟ್ಟಿದ್ದರು. ನಾನು ಹೊರಟಾಗ ಅವರು ಬಾಗಿಲವರೆಗೆ ಬಂದು ‘ಥ್ಯಾಂಕ್ಸ್ ಹುಡುಗಿ, ತಂದು ತೋರಿಸಿದ್ಯಲ್ಲ’ ಎಂದರು. ನಿಜವಾಗಿ ಹೇಳಿದರು, ಕುಹಕವಿಲ್ಲದೆ. ನಾನು ಬಸ್ ನಿಲ್ದಾಣದಲ್ಲಿ ಕೂತು ಎರಡು ಬಸ್ಸು ಬಿಟ್ಟೆ.

ಆ ಗುರುವಾರ ಎಲ್ಲರ ಮುಂದೆ ಹೇಳಿದೆ. ಡೆಸ್ಮಂಡ್ ಬೂಟಿನ ದಾರ ಕಟ್ಟುವವನ ಹಾಗೆ ಬಗ್ಗಿ ಮುಖ ಮುಚ್ಚಿಕೊಂಡ. ಪಾಲೀನ್ ‘ಆಗಿದ್ದಾಯ್ತು ಬಿಡೆ’ ಎಂದು ನನ್ನ ಕೈಗೆ ಬಿಸ್ಕತ್ತು ಕೊಟ್ಟಳು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಜ್ಯಾನಿಸ್‌ಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟಳು. ಅದು ಸರಿಯಾಗಿಯೇ ಇತ್ತು.

ಶ್ರೀಮತಿ ಡಿನ್ಸ್‌ಡೇಲ್ ಅವರ ಹತ್ತಿರ ನಾನೇ ಹೋದೆ. ಅಂಗಳದಲ್ಲಿ ನಿಂತು ಕೇಳಿದರು.

‘ಓ, ನೀವಾ’ ಎಂದರು. ‘ಮತ್ತೆ ಆ ಮುದುಕಪ್ಪ ಯಾಕೆ ಬಂದಿದ್ರು? ಎರಡು ಬಸ್ಸು ಬದಲಾಯಿಸಿ ಬಂದು, ಮನೆಯಿಂದ ತಂದ ಸಾಮಾನಲ್ಲಿ ಆ ಗೇಟಿನ ಕೀಲು ಎತ್ತಿ ಕೂರಿಸಿ ಹೋದ್ರು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ. ಚಹಾ ಕೊಟ್ರೆ ಬೇಡ ಅಂದ್ರು, ನಂಗೆ ಅದರ ಯೋಗ್ಯತೆ ಇಲ್ಲ ಅಂತ. ಈಗ ಆ ಗೇಟನ್ನ ಮಗು ತಳ್ಳಿದ್ರೂ ಕೊಂಡಿ ತಾನೇ ಸಿಕ್ಕೊಳ್ಳತ್ತೆ. ಹೋಗಿ ನೋಡಿ ಬೇಕಾದ್ರೆ.’

ನಾನು ಹೋಗಿ ನೋಡಲಿಲ್ಲ.

ಮರೆವಿನ ಪರೀಕ್ಷೆಯಲ್ಲಿ ಹೆಡ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತು ತೆಗೆದುಕೊಂಡರು. ತಪ್ಪಾದ ಒಂದು ಪ್ರಶ್ನೆ ಇವತ್ತು ಯಾವ ವಾರ ಎಂಬುದು. ‘ಕೆಲಸ ಬಿಟ್ಟವನಿಗೆ ವಾರ ಯಾಕೆ, ಗುರುವಾರ ಒಂದು ಗೊತ್ತಿದ್ರೆ ಸಾಕಲ್ವಾ’ ಎಂದು ಅವರು ವಾದ ಮಾಡಿದರಂತೆ. ಅದನ್ನು ಕೇಳಿ ಎಲ್ಲರೂ ನಕ್ಕೆವು. ಹಳೆಯ ಹೆಡ್ಲಿ ವಾಪಸು ಬಂದರು ಎಂದುಕೊಂಡೆವು. ಕಾರಿನ ಕೀಲಿ ಮಾತ್ರ ಜ್ಯಾನಿಸ್ ಮನೆಯ ಮೊಳೆಯಲ್ಲೇ ತೂಗಾಡುತ್ತಿದೆ. ಅವಳು ತಂದುಕೊಟ್ಟಾಗ ಇವರೇ ‘ಇರ್ಲಿ ಬಿಡು, ನಿನ್ನ ಹತ್ರವೇ ಇರ್ಲಿ’ ಎಂದರಂತೆ.

ಈ ವರ್ಷ ಏಪ್ರಿಲ್ ಕೊನೆಗೆ ಮತ್ತೆ ಡೇಲ್ಸಿಗೆ ಹೋದೆವು. ಡೆಸ್ಮಂಡ್ ಹಳದಿ ಪಟ್ಟಿಯನ್ನು ತಾನೇ ಹೆಡ್ಲಿಯವರ ತೋಳಿಗೆ ಕಟ್ಟಿದ. ಅವರು ಬೇಡವೆನ್ನಲಿಲ್ಲ. ನಾನು ಕ್ಯಾಮೆರಾ ತಂದಿರಲಿಲ್ಲ. ಬಸ್ಸು ಹತ್ತುವಾಗ ಹೆಡ್ಲಿ ಅದನ್ನು ಗಮನಿಸಿ ‘ಎಲ್ಲಿ ನಿನ್ನ ಪೆಟ್ಟಿಗೆ? ಹೋಗಿ ತಗೊಂಡ್ಬಾ, ಬಸ್ಸು ನಿಲ್ಲಿಸ್ತೀನಿ’ ಎಂದು ಹಟ ಹಿಡಿದು ನನ್ನನ್ನು ಮನೆಗೆ ಓಡಿಸಿದರು. ಕ್ಷಮಿಸಿದ್ದಾರೆ ಎಂದುಕೊಂಡು, ಆ ಹತ್ತು ನಿಮಿಷ, ನಾನು ಒಂದು ವರ್ಷದಲ್ಲಿ ಮೊದಲ ಸಲ ಹಗುರಾಗಿದ್ದೆ.

ಮೊದಲನೆಯ ಗೇಟು ಬಂತು. ಹದಿಮೂರು ಜನ ದಾಟಿದೆವು. ಹೆಡ್ಲಿ ಗೇಟನ್ನು ಎತ್ತಿದರು, ಎಳೆದರು, ಕೊಂಡಿ ಸಿಕ್ಕಿಸಿದರು, ಜಗ್ಗಿದರು. ಮುಂದೆ ಡೆಸ್ಮಂಡ್ ಕೋಲು ಮೇಲೇಳುವುದನ್ನು ಕಾಯುತ್ತಿದ್ದ. ಕೋಲು ಏಳಲಿಲ್ಲ.

‘ಹುಡುಗಿ, ಇಲ್ಲಿ ಬಾ. ಒಂದು ಫೋಟೋ ತೆಗಿ.’

‘ಯಾವುದ್ರದ್ದು?’

‘ಕೊಂಡೀದು.’

ತಮಾಷೆ ಎಂದುಕೊಂಡು ನಕ್ಕೆ. ಅವರು ನಗುತ್ತಿರಲಿಲ್ಲ. ಹಣೆಯಲ್ಲಿ ಬೆವರಿತ್ತು, ತಂಪು ಗಾಳಿಯಲ್ಲೂ. ನಾನು ತೆಗೆದೆ. ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಪರದೆಯಲ್ಲಿ ನೋಡಿದರು. ಎದುರಿಗೇ, ಒಂದು ಮೊಳ ದೂರದಲ್ಲಿ, ಅವರೇ ಹಾಕಿದ ಕೊಂಡಿ ಇತ್ತು. ಅದನ್ನು ನೋಡಲಿಲ್ಲ, ಪರದೆಯನ್ನು ನೋಡಿದರು. ‘ಬಿದ್ದಿದೆ’ ಎಂದರು. ಆಮೇಲೆ ಕೋಲು ಎರಡು ಸಲ ಎತ್ತಿದರು.

ಎರಡನೆಯ ಗೇಟಿಗೂ ಹಾಗೇ. ಮೂರನೆಯದಕ್ಕೂ. ಮೇಲ್ತುದಿಯಲ್ಲಿ ಡೆಸ್ಮಂಡ್ ನಕ್ಷೆ ನೋಡುವವನ ಹಾಗೆ ನಿಂತಿರುತ್ತಿದ್ದ. ಎರಡು ದಿನ ನಾನು ಹೆಡ್ಲಿಯವರ ಜೊತೆ ಹಿಂದೆ ನಡೆದೆ. ಕುರಿಮರಿಗಳು ಇದ್ದವು, ಬಿಸಿಲು ಇತ್ತು, ಗೋಡೆಯ ಬುಡದಲ್ಲಿ ಹಳದಿ ಹೂವು ಇತ್ತು. ಒಂದನ್ನೂ ತೆಗೆಯಲಿಲ್ಲ.

ನಾಳೆ ಫೋಟೋ ಸಂಜೆ. ಕೇಕು ಮಾಡಿಟ್ಟಿದ್ದೇನೆ, ಫೋಟೋ ತೋರಿಸುವುದಿಲ್ಲ. ನನ್ನ ಕ್ಯಾಮೆರಾದಲ್ಲಿ ಈ ವಸಂತದ ಹತ್ತೊಂಬತ್ತು ಫೋಟೋ ಇವೆ, ಹತ್ತೊಂಬತ್ತು ಗೇಟು. ಎಲ್ಲದರಲ್ಲೂ ಕೊಂಡಿ ಬಿದ್ದಿದೆ.